ನಿದ್ದೆಗೆಟ್ಟವರು ಕಾಕ್‌ಪಿಟ್ ಹತ್ತಕೂಡದು: ಮಾಡಬೇಕಾದ್ದು, ಮಾಡಬಾರದ್ದು

ರಾತ್ರಿ ವಿಮಾನ ನಡೆಸುವ ಪೈಲಟ್‌ಗಳಿಗೆ, ಅವರಿಗೆ ರೋಸ್ಟರ್ ಹಾಕುವವರಿಗೆ, ಅವರ ಮನೆಯವರಿಗೆ, ಅವರನ್ನು ನಂಬಿ ಹಿಂದೆ ಬೆಲ್ಟ್ ಬಿಗಿದು ಕೂರುವ ಪ್ರಯಾಣಿಕರಿಗೆ ಈ ಸೂಚನೆ. ಇದರಲ್ಲಿರುವ ಹೆಚ್ಚಿನ ಪಾಠಗಳನ್ನು ಜನ ಪ್ರಾಣ ತೆತ್ತು ಕಲಿಸಿ ಹೋಗಿದ್ದಾರೆ. ಹಾಗಾಗಿ "ಸಾಧ್ಯವಾದರೆ", "ಅನುಕೂಲವಿದ್ದರೆ" ಎಂಬ ಮಾತುಗಳನ್ನು ಇಲ್ಲಿ ಹುಡುಕಬೇಡಿ.

ಮಂಗಳೂರಿನವರಿಗೆ 2010ರ ಮೇ 22ನ್ನು ಯಾರೂ ನೆನಪಿಸಬೇಕಾಗಿಲ್ಲ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ವಿಮಾನ ಬೆಳಗ್ಗೆ ಆರರ ಸುಮಾರಿಗೆ ಬಜಪೆ ವಿಮಾನ ನಿಲ್ದಾಣದ ರನ್‌ವೇ ದಾಟಿ ಕಣಿವೆಗೆ ಬಿತ್ತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ವಿಮಾನದಲ್ಲಿ ದೋಷವಿರಲಿಲ್ಲ, ಮಳೆ ಗಾಳಿಯ ಕಾಟವೂ ಇರಲಿಲ್ಲ. ರನ್‌ವೇ ಕಡೆ ತಿರುಗಿದಾಗ ವಿಮಾನ ಇರಬೇಕಾದ ಎತ್ತರಕ್ಕಿಂತ ಸುಮಾರು ಎರಡು ಪಟ್ಟು ಮೇಲಿತ್ತು. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖಾ ನ್ಯಾಯಾಲಯ ಕಾಕ್‌ಪಿಟ್‌ನ ಧ್ವನಿಮುದ್ರಣವನ್ನು ಕೇಳಿತು. 2 ಗಂಟೆ 5 ನಿಮಿಷದ ಆ ಮುದ್ರಣದಲ್ಲಿ ಮೊದಲ 1 ಗಂಟೆ 40 ನಿಮಿಷ ಕ್ಯಾಪ್ಟನ್ ಮಲಗಿದ್ದರು. ಗೊರಕೆ, ದೀರ್ಘ ಉಸಿರಾಟ ಕೇಳಿಬರುತ್ತಿತ್ತು. ಎದ್ದು ಹೆಚ್ಚು ಹೊತ್ತಾಗಿರಲಿಲ್ಲ, ಅಷ್ಟರಲ್ಲಿ ಇಳಿಸುವ ಕೆಲಸಕ್ಕೆ ಕೈಹಾಕಿದರು. ಪಕ್ಕದಲ್ಲಿದ್ದ ಫಸ್ಟ್ ಆಫೀಸರ್ ಮೂರು ಸಲ ಗೋ ಅರೌಂಡ್ ಎಂದರು, ಅಂದರೆ ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದರು. ಎಚ್ಚರಿಕೆಯ ಯಂತ್ರವೂ ಕೂಗಿತು. ಕ್ಯಾಪ್ಟನ್ ಇಳಿಸಿಯೇ ಇಳಿಸಿದರು. ದೀರ್ಘ ನಿದ್ದೆಯಿಂದ ಎದ್ದ ಮಂಪರು ಅವರ ತೀರ್ಮಾನವನ್ನು ಕೆಡಿಸಿರಬಹುದೆಂದು, ಬೆಳಗಿನ ಜಾವದ ಹೊತ್ತು ಅದನ್ನು ಇನ್ನಷ್ಟು ಹೆಚ್ಚಿಸಿತೆಂದು ವರದಿ ಹೇಳಿತು.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ್ದು ಇಷ್ಟು: ದಣಿದವರಿಗೆ ತಮ್ಮ ದಣಿವು ಎಷ್ಟೆಂದು ಗೊತ್ತಾಗುವುದಿಲ್ಲ. 2003ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ ಕೆಲವರನ್ನು ಎರಡು ವಾರ ದಿನಕ್ಕೆ 6 ಗಂಟೆ, ಅದಕ್ಕೂ ಕಡಿಮೆ ಮಲಗಿಸಿದರು. ಕೊನೆಗೆ ಅವರ ಚುರುಕುತನ ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. "ನಿದ್ದೆ ಬರ್ತಿದೆಯಾ" ಎಂದು ಕೇಳಿದರೆ ಅವರಲ್ಲಿ ಹೆಚ್ಚಿನವರು ಅಂಥದ್ದೇನಿಲ್ಲ ಎಂಬಂತೆಯೇ ಉತ್ತರಿಸುತ್ತಿದ್ದರು. ಆದ್ದರಿಂದ ಹಾರಲು ಶಕ್ತನೇ ಅಲ್ಲವೇ ಎಂಬುದನ್ನು ಕಾಕ್‌ಪಿಟ್‌ನಲ್ಲಿ ಕೂತು ಅಂದಾಜು ಮಾಡಕೂಡದು. ಅದನ್ನು ನೆಲದ ಮೇಲೆ, ಮುಂಚಿತವಾಗಿ, ಗಡಿಯಾರ ನೋಡಿ ತೀರ್ಮಾನಿಸಬೇಕು.

ಪೈಲಟ್‌ಗಳೇ, ಮನೆ ಬಿಡುವ ಮುಂಚೆ

ಎದ್ದ ಗಂಟೆಯಿಂದ ಕೊನೆಯ ಲ್ಯಾಂಡಿಂಗ್‌ನ ಗಂಟೆಯವರೆಗೆ ಎಣಿಸಿ. ಡ್ಯೂಟಿಗೆ ರಿಪೋರ್ಟ್ ಮಾಡುವ ಗಂಟೆಯಿಂದ ಎಣಿಸಬೇಡಿ. ಎಲ್ಲ ತಪ್ಪು ಲೆಕ್ಕಗಳೂ ಹುಟ್ಟುವುದು ಅಲ್ಲೇ. ಬೆಳಗ್ಗೆ 7ಕ್ಕೆ ಎದ್ದು, ಮಕ್ಕಳನ್ನು ಶಾಲೆಗೆ ಬಿಟ್ಟು, ಬ್ಯಾಂಕಿನ ಕೆಲಸ ಮುಗಿಸಿ, ರಾತ್ರಿ 8ಕ್ಕೆ ರಿಪೋರ್ಟ್ ಮಾಡಿದವರು ನಡುರಾತ್ರಿ ದಾಟಿ 2 ಗಂಟೆಗೆ ವಿಮಾನ ಇಳಿಸುವಾಗ ಎದ್ದು 19 ಗಂಟೆ ಆಗಿರುತ್ತದೆ. ಕಾಗದದ ಮೇಲೆ ಅವರ ಡ್ಯೂಟಿ ಆರೇ ಗಂಟೆ.

17 ಗಂಟೆ ದಾಟುವುದಾದರೆ ಮಧ್ಯೆ ಮಲಗದೆ ಹೊರಡಬೇಡಿ. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ನಿದ್ದೆಗೆಟ್ಟವರನ್ನೂ ಕುಡಿದವರನ್ನೂ ಒಂದೇ ಪರೀಕ್ಷೆಗೆ ಒಡ್ಡಿದರು. 17 ಗಂಟೆ ಎಚ್ಚರವಿದ್ದವರ ಕೈ ಮತ್ತು ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ 0.05 ಮದ್ಯವಿರುವವರಷ್ಟು ಕುಗ್ಗಿತ್ತು. 24 ಗಂಟೆಗೆ ಅದು ಶೇ 0.10ರ ಆಸುಪಾಸಿಗೆ ಬಂತು. ನಮ್ಮ ದೇಶದಲ್ಲಿ ಕಾರು ಓಡಿಸುವವರಿಗೆ ಇರುವ ಮಿತಿ ಶೇ 0.03. ಹಾರುವ ಮುಂಚೆ ಪೈಲಟ್‌ಗಳ ಉಸಿರು ಪರೀಕ್ಷಿಸಲು ಯಂತ್ರವಿದೆ, ಸಿಕ್ಕಿಬಿದ್ದರೆ ಲೈಸೆನ್ಸ್‌ಗೇ ಕುತ್ತು. ನಿದ್ದೆಗೇಡನ್ನು ಹಿಡಿಯುವ ಅಂಥ ಯಂತ್ರ ಬ್ರೀಫಿಂಗ್ ಕೋಣೆಯ ಬಾಗಿಲಲ್ಲಿ ಇಲ್ಲ. ಅಲ್ಲಿ ನೀವೇ ಕಾವಲುಗಾರರು.

ರಾತ್ರಿ ಡ್ಯೂಟಿ ಇದ್ದರೆ ಅದೇ ಮಧ್ಯಾಹ್ನ ಮಲಗಿ. ಕಿಟಕಿಗೆ ಬೆಳಕು ನುಗ್ಗದ ದಪ್ಪ ಪರದೆ ಹಾಕಿ, ಕೋಣೆ ತಂಪಾಗಿರಲಿ, ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಒಂದೂವರೆ ಗಂಟೆ ಸಿಕ್ಕಿದರೂ ಅದರ ಫಲ ಬೆಳಗಿನ ಜಾವ ನಾಲ್ಕಕ್ಕೆ ಕಾಣುತ್ತದೆ. "ಲೇಓವರ್‌ನಲ್ಲಿ ಹೋಟೆಲ್‌ನಲ್ಲಿ ಮಲಗಿದರಾಯ್ತು" ಎಂದು ನಿದ್ದೆಯ ಸಾಲ ಹೊತ್ತು ಹೊರಡಬೇಡಿ.

ಬೆಂಗಳೂರಿನಲ್ಲಿರುವವರಿಗೆ ಇನ್ನೊಂದು ಮಾತು. ಜಯನಗರ, ಬನಶಂಕರಿಯಲ್ಲಿ ಮನೆ ಇಟ್ಟುಕೊಂಡು ದೇವನಹಳ್ಳಿಯಿಂದ ಬೆಳಗ್ಗೆ 5.30ಕ್ಕೆ ಹಾರಬೇಕಾದವರು 2 ಗಂಟೆಗೇ ಏಳಬೇಕಾಗುತ್ತದೆ. ಹಿಂದಿನ ರಾತ್ರಿ 9ಕ್ಕೆ ಮಲಗಿದರೂ ಆ ಹೊತ್ತಿಗೆ ದೇಹ ನಿದ್ದೆಗೆ ಒಗ್ಗುವುದಿಲ್ಲ. ಇಂಥ ಬೆಳಗಿನ ಡ್ಯೂಟಿಯನ್ನು ಹಗಲಿನ ಡ್ಯೂಟಿ ಎಂದು ನಂಬಿಕೊಳ್ಳಬೇಡಿ. ಸಾಲಾಗಿ ಮೂರು ನಾಲ್ಕು ದಿನ ಬಂದರೆ ಅದು ರಾತ್ರಿ ಪಾಳಿಯಷ್ಟೇ ಸುಸ್ತು ಮಾಡುತ್ತದೆ. ವಿಮಾನ ನಿಲ್ದಾಣದ ಹತ್ತಿರ ಮನೆ ಮಾಡುವ ಶಕ್ತಿ ಇದ್ದವರು ಅದನ್ನೇ ಮಾಡಿ.

ಕೊಲ್ಲಿಗೆ ಹೋಗಿ ಬರುವವರು ಜೆಟ್ ಲ್ಯಾಗ್ ಇಲ್ಲವೆಂದು ಸಮಾಧಾನಪಡುತ್ತಾರೆ. ದುಬೈಗೂ ನಮಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ, ನಿಜ. ಅದೇ ತೊಂದರೆ. ದೇಹ ಊರಿನ ಸಮಯದಲ್ಲೇ ಇರುತ್ತದೆ, ಊರಿನ ಸಮಯದಲ್ಲಿ ರಾತ್ರಿ 2ರಿಂದ ಬೆಳಗ್ಗೆ 6ರವರೆಗೆ ಮೈಯ ಕಾವು ಇಳಿದು ಎಚ್ಚರ ತಳ ಮುಟ್ಟಿರುತ್ತದೆ. ರಾತ್ರಿ ಹೋಗಿ ಬೆಳಗಿನೊಳಗೆ ಮರಳುವ ಟರ್ನ್‌ಅರೌಂಡ್ ವಿಮಾನಗಳು ಇಳಿಯುವುದು ಸರಿಯಾಗಿ ಅದೇ ಹೊತ್ತಿಗೆ. ಎಷ್ಟು ವರ್ಷ ಹಾರಿದರೂ ಆ ನಾಲ್ಕು ಗಂಟೆಗೆ ದೇಹ ಒಗ್ಗಿಕೊಳ್ಳುವುದಿಲ್ಲ. ಅನುಭವ ಇಲ್ಲಿ ನೆರವಿಗೆ ಬರುವುದಿಲ್ಲ ಎಂದು ಹಿರಿಯ ಕ್ಯಾಪ್ಟನ್‌ಗಳು ಕಿರಿಯರಿಗೆ ಬಾಯಿಬಿಟ್ಟು ಹೇಳಬೇಕು.

ಕಾಫಿಯನ್ನು ನಿದ್ದೆಯ ಜಾಗಕ್ಕೆ ತರಬೇಡಿ. ಕುಡಿದು ಅರ್ಧ ಗಂಟೆಗೆ ಅದು ಕೆಲಸ ಶುರುಮಾಡುತ್ತದೆ, ಐದು ಗಂಟೆ ಕಳೆದರೂ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಡ್ಯೂಟಿಯ ಮೊದಲರ್ಧದಲ್ಲಿ ಕುಡಿಯಿರಿ. ಕೊನೆಯಲ್ಲಿ ಕುಡಿದರೆ ಹೋಟೆಲ್‌ನ ನಿದ್ದೆಯೂ ಹೋಗುತ್ತದೆ, ಮರುದಿನದ ಡ್ಯೂಟಿಯೂ ಕೆಡುತ್ತದೆ. ನೆಗಡಿಗೆ, ಅಲರ್ಜಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಮಾತ್ರೆಗಳಲ್ಲಿ ಎಷ್ಟೋ ಮಂಪರು ತರುವಂಥವು. ವಿಮಾನಯಾನದ ವೈದ್ಯರನ್ನು ಕೇಳದೆ ಒಂದನ್ನೂ ನುಂಗಬೇಡಿ. ನಿದ್ದೆ ಬರಲೆಂದು ಮದ್ಯ ಬೇಡವೇ ಬೇಡ. ಅದು ಬೇಗ ಮಲಗಿಸಿ, ನಡುರಾತ್ರಿಯ ನಂತರದ ನಿದ್ದೆಯನ್ನು ಚೂರು ಮಾಡುತ್ತದೆ.

"ನನ್ನಿಂದ ಆಗುವುದಿಲ್ಲ" ಎನ್ನಬೇಕಾದಾಗ

ಹೇಳಿ. ರೋಸ್ಟರ್ ಹಾಕುವವರಿಗೆ ಫೋನ್ ಮಾಡಿ "ಫಟೀಗ್", ಅಂದರೆ ದಣಿವು, ಎಂದೇ ಹೇಳಿ. ಹೊಟ್ಟೆನೋವು, ಜ್ವರ ಎಂದು ನೆಪ ಹೇಳಬೇಡಿ. ಸುಳ್ಳು ಕಾರಣ ಕೊಟ್ಟರೆ ಕಂಪನಿಯ ದಾಖಲೆಯಲ್ಲಿ ಆ ಪಾಳಿ ಒಳ್ಳೆಯ ಪಾಳಿಯಾಗಿಯೇ ಉಳಿಯುತ್ತದೆ, ಮುಂದಿನ ತಿಂಗಳು ಅದೇ ಪಾಳಿ ಇನ್ನೊಬ್ಬರ ಹೆಸರಿಗೆ ಬರುತ್ತದೆ. ಬರವಣಿಗೆಯಲ್ಲಿ ಫಟೀಗ್ ವರದಿ ಕೊಡಿ, ಅದರ ಪ್ರತಿ ಇಟ್ಟುಕೊಳ್ಳಿ.

ಖರ್ಚು, ಮುಜುಗರ, ಭತ್ಯೆ ನಷ್ಟ ಇವು ಯಾವುವೂ ಕಾರಣಗಳಾಗಕೂಡದು. 2009ರ ಫೆಬ್ರವರಿ 12ರ ರಾತ್ರಿ ಅಮೆರಿಕದ ಬಫಲೋ ನಗರದ ಬಳಿ ಕೋಲ್ಗನ್ ಏರ್ 3407 ವಿಮಾನ ಮನೆಯೊಂದರ ಮೇಲೆ ಬಿದ್ದು 50 ಮಂದಿ ತೀರಿಕೊಂಡರು. ಅದರ ಕ್ಯಾಪ್ಟನ್ ಹಿಂದಿನ ರಾತ್ರಿ ಮಲಗಿದ್ದು ನ್ಯೂವಾರ್ಕ್ ವಿಮಾನ ನಿಲ್ದಾಣದ ಸಿಬ್ಬಂದಿ ಕೋಣೆಯಲ್ಲಿ. ಫಸ್ಟ್ ಆಫೀಸರ್ ಸಿಯಾಟಲ್‌ನಿಂದ ರಾತ್ರಿಯಿಡೀ ಬೇರೆ ವಿಮಾನಗಳಲ್ಲಿ ಕೂತು ಡ್ಯೂಟಿಗೆ ಬಂದಿದ್ದರು, ಅವರಿಗೆ ನೆಗಡಿಯೂ ಇತ್ತು. ಮನೆಯಲ್ಲಿರುವಾಗಲೇ ಹೀಗನಿಸಿದ್ದರೆ ಬರುತ್ತಿರಲಿಲ್ಲ, ಈಗ ರಜೆ ಹಾಕಿದರೆ ಹೋಟೆಲ್ ಖರ್ಚು ತಾನೇ ಭರಿಸಬೇಕು ಎಂದು ಅವರು ಆಡಿದ ಮಾತು ಧ್ವನಿಮುದ್ರಣದಲ್ಲಿದೆ. ದಣಿವು ಎಷ್ಟರ ಮಟ್ಟಿಗೆ ಕಾರಣ ಎಂದು ತನಿಖೆ ಅಳತೆ ಕೊಡಲಿಲ್ಲ, ಇಬ್ಬರ ಕೆಲಸವೂ ಅದರಿಂದ ಕೆಟ್ಟಿರುವ ಸಂಭವವಿದೆ ಎಂದಿತು. ಹೋಟೆಲ್ ಬಾಡಿಗೆ ಕೊಡಲಾಗದಷ್ಟು ಸಂಬಳ ಕೊಟ್ಟು ಒಬ್ಬರನ್ನು ಕಾಕ್‌ಪಿಟ್‌ನಲ್ಲಿ ಕೂರಿಸುವುದು, ನನ್ನ ಮಟ್ಟಿಗೆ, ಹಾಳಾದ ಎಂಜಿನ್ ಇಟ್ಟು ಹಾರಿಸುವುದಕ್ಕೆ ಸಮ. ಆ ಅಪಘಾತದಲ್ಲಿ ತಮ್ಮವರನ್ನು ಕಳೆದುಕೊಂಡ ಕುಟುಂಬಗಳು ಸುಮ್ಮನಾಗಲಿಲ್ಲ. ಅವರ ಹೋರಾಟದಿಂದ ಬಂದ ನಿಯಮ 2014ರ ಜನವರಿಯಲ್ಲಿ ಜಾರಿಯಾಯಿತು: ಡ್ಯೂಟಿಗೆ ಮುಂಚೆ 10 ಗಂಟೆ ವಿಶ್ರಾಂತಿ, ಅದರಲ್ಲಿ 8 ಗಂಟೆ ಅಡ್ಡಿಯಿಲ್ಲದೆ ಮಲಗುವ ಅವಕಾಶ.

ಮೇಲೆ ಹಾರುತ್ತಿರುವಾಗ

ತೂಕಡಿಕೆ ಬಂದರೆ ಮುಚ್ಚಿಡಬೇಡಿ. ಪಕ್ಕದವರಿಗೆ ಹೇಳಿ. ಮುಚ್ಚಿಟ್ಟ ತೂಕಡಿಕೆ ಕೆಲವು ಕ್ಷಣಗಳ ನಿದ್ದೆಯಾಗಿ ಬರುತ್ತದೆ, ಬಂದದ್ದು ನಿಮಗೇ ತಿಳಿಯುವುದಿಲ್ಲ. ಇಳಿಯುವ ವೇಗದಲ್ಲಿ ಐದು ಸೆಕೆಂಡು ಎಂದರೆ ಸುಮಾರು 350 ಮೀಟರ್.

ಕಂಪನಿಯ ಕೈಪಿಡಿ ಒಪ್ಪಿದ್ದರೆ ಮಾತ್ರ, ಅದು ಹೇಳಿದ ಕ್ರಮದಲ್ಲೇ, ಸೀಟಿನಲ್ಲಿ ಕೂತು ಸರದಿಯ ಮೇಲೆ ಸ್ವಲ್ಪ ಹೊತ್ತು ಮಲಗಬಹುದು. ಇದು ಕದ್ದು ಮಾಡುವ ಕೆಲಸವಲ್ಲ. ದೂರದ ಹಾರಾಟಗಳ ಮೇಲೆ ನಾಸಾ ನಡೆಸಿದ ಅಧ್ಯಯನದಲ್ಲಿ 40 ನಿಮಿಷ ಅವಕಾಶ ಕೊಟ್ಟಾಗ ಪೈಲಟ್‌ಗಳು ಸರಾಸರಿ 26 ನಿಮಿಷ ಮಲಗಿದರು, ಆಮೇಲಿನ ಹಾರಾಟದಲ್ಲಿ ಅವರ ಎಚ್ಚರ ಸ್ಪಷ್ಟವಾಗಿ ಹೆಚ್ಚಿತ್ತು. ಕ್ರಮ ಹೀಗೆ: ಮಲಗುವ ಮುಂಚೆ ಯಾರು ಮಲಗುತ್ತಾರೆ, ಎಷ್ಟು ಹೊತ್ತು ಎಂದು ಬಾಯಲ್ಲಿ ಹೇಳಿ ಒಪ್ಪಿಕೊಳ್ಳಿ. ಗಗನಸಖಿಗೆ ತಿಳಿಸಿ, ಆಗಾಗ ಇಂಟರ್‌ಕಾಮ್‌ನಲ್ಲಿ ಮಾತಾಡಿಸಲು ಹೇಳಿ. ಅಲಾರಂ ಇಡಿ. 40 ನಿಮಿಷ ದಾಟಕೂಡದು. ಎದ್ದ ಮೇಲೆ ಕನಿಷ್ಠ 20 ನಿಮಿಷ ಕಂಟ್ರೋಲ್ ಮುಟ್ಟಬೇಡಿ, ಯಾವ ತೀರ್ಮಾನವನ್ನೂ ತೆಗೆದುಕೊಳ್ಳಬೇಡಿ. ಇಳಿಯಲು ಶುರುಮಾಡುವುದಕ್ಕೆ ತುಂಬ ಮುಂಚೆಯೇ ಇಬ್ಬರೂ ಪೂರ್ತಿ ಎಚ್ಚರವಾಗಿರಬೇಕು.

ಈ 40 ಮತ್ತು 20ರ ಲೆಕ್ಕ ಸುಮ್ಮನೆ ಬಂದದ್ದಲ್ಲ. ಹೆಚ್ಚು ಹೊತ್ತು ಮಲಗಿದರೆ ಗಾಢ ನಿದ್ದೆಗೆ ಇಳಿಯುತ್ತೇವೆ. ಅಲ್ಲಿಂದ ತಟ್ಟನೆ ಎಬ್ಬಿಸಿದರೆ ಕಣ್ಣು ತೆರೆದಿದ್ದರೂ ಬುದ್ಧಿ ಹಿಂದೆಯೇ ಉಳಿದಿರುತ್ತದೆ. 2011ರ ಜನವರಿಯಲ್ಲಿ ಟೊರಾಂಟೊದಿಂದ ಜೂರಿಕ್‌ಗೆ ಹೊರಟ ಏರ್ ಕೆನಡಾ ವಿಮಾನದಲ್ಲಿ ಹಾಗೆಯೇ ಆಯಿತು. ಫಸ್ಟ್ ಆಫೀಸರ್ ಸುಮಾರು 75 ನಿಮಿಷ ಮಲಗಿ ಎದ್ದರು. ಎದುರಿಗೆ ಇನ್ನೊಂದು ವಿಮಾನವಿದೆ ಎಂದು ಕ್ಯಾಪ್ಟನ್ ಹೇಳಿದ್ದು ಕಿವಿಗೆ ಬಿತ್ತು. ಆಕಾಶದಲ್ಲಿ ಹೊಳೆಯುತ್ತಿದ್ದ ಶುಕ್ರ ಗ್ರಹವನ್ನೇ ಆ ವಿಮಾನವೆಂದು ಮೊದಲು ಭ್ರಮಿಸಿದರು. ನಿಜವಾದ ವಿಮಾನ ಸಾವಿರ ಅಡಿ ಕೆಳಗಿತ್ತು. ಅದು ನೇರ ಮೈಮೇಲೆ ಬರುತ್ತಿದೆ ಎಂದುಕೊಂಡು ಮೂತಿಯನ್ನು ಕೆಳಕ್ಕೆ ಒತ್ತಿದರು. ಬೆಲ್ಟ್ ಹಾಕದೆ ಮಲಗಿದ್ದವರು ಎಗರಿಬಿದ್ದು 16 ಮಂದಿ ಗಾಯಗೊಂಡರು. ಬಜಪೆಯ ಕ್ಯಾಪ್ಟನ್ ಮಲಗಿದ್ದು ಇದಕ್ಕೂ ಹೆಚ್ಚು ಹೊತ್ತು.

ಇಬ್ಬರೂ ಒಟ್ಟಿಗೆ ಮಲಗುವ ಸಂಭವವಿದ್ದರೆ ಯಾರೂ ಮಲಗಕೂಡದು.

ಇಳಿಯುವ ಹೊತ್ತಿಗೆ

ದಣಿದ ಮನಸ್ಸಿನ ದೊಡ್ಡ ಅಪಾಯ ತೂಕಡಿಕೆಯಲ್ಲ, ಹಠ. ಹಿಡಿದದ್ದನ್ನು ಅದು ಬಿಡುವುದಿಲ್ಲ. 1993ರ ಆಗಸ್ಟ್‌ನಲ್ಲಿ ಕ್ಯೂಬಾದ ಗ್ವಾಂಟನಮೊದಲ್ಲಿ ಸರಕು ವಿಮಾನವೊಂದು ಇಳಿಯುವಾಗ ಬಿತ್ತು. ಹೆಚ್ಚುಕಡಿಮೆ ಒಂದಿಡೀ ದಿನದಿಂದ ಎಚ್ಚರವಿದ್ದ ಕ್ಯಾಪ್ಟನ್ ರನ್‌ವೇ ಬಳಿಯ ಒಂದು ಮಿನುಗು ದೀಪವನ್ನು ಹುಡುಕುತ್ತಲೇ ಇದ್ದರು. ಆ ದೀಪ ಅಂದು ಉರಿಯುತ್ತಿರಲಿಲ್ಲ. ವೇಗ ಕುಸಿಯುತ್ತಿದೆ ಎಂದು ಜೊತೆಯವರು ಹೇಳಿದ್ದು ತಲೆಗೆ ಹೋಗಲಿಲ್ಲ. ಮೂವರೂ ಬದುಕಿದರು. ಅಪಘಾತಕ್ಕೆ ದಣಿವೇ ಕಾರಣವೆಂದು ಅಮೆರಿಕದ ತನಿಖಾ ಮಂಡಳಿ ಸ್ಪಷ್ಟವಾಗಿ ಬರೆದ ಮೊದಲ ದೊಡ್ಡ ವಿಮಾನ ಅಪಘಾತ ಅದು. 2017ರ ಜುಲೈ 7ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇನ್ನೊಂದು ಏರ್ ಕೆನಡಾ ವಿಮಾನ ರನ್‌ವೇ ಎಂದುಕೊಂಡು ನಾಲ್ಕು ವಿಮಾನಗಳು ಸಾಲಾಗಿ ನಿಂತಿದ್ದ ಟ್ಯಾಕ್ಸಿವೇ ಕಡೆಗೆ ಇಳಿಯುತ್ತಿತ್ತು. ಕ್ಯಾಪ್ಟನ್ 19 ಗಂಟೆಗೂ ಹೆಚ್ಚು ಎಚ್ಚರವಿದ್ದರು. ಕೊನೆ ಗಳಿಗೆಯಲ್ಲಿ, ನೆಲದಿಂದ ಸುಮಾರು 60 ಅಡಿಯವರೆಗೆ ಬಂದು, ಮೇಲೆದ್ದರು. ಆ ಗೋ ಅರೌಂಡ್ ನೂರಾರು ಜನರ ಜೀವ ಉಳಿಸಿತು.

ಆದ್ದರಿಂದ ರಾತ್ರಿ ಡ್ಯೂಟಿಯ ಬ್ರೀಫಿಂಗ್‌ನಲ್ಲೇ ಇಬ್ಬರೂ ಮಾತು ಕೊಟ್ಟುಕೊಳ್ಳಿ: ಅಪ್ರೋಚ್ ಸ್ಥಿರವಾಗಿಲ್ಲದಿದ್ದರೆ ಗೋ ಅರೌಂಡ್, ಇಬ್ಬರಲ್ಲಿ ಯಾರು ಹೇಳಿದರೂ ಗೋ ಅರೌಂಡ್, ಚರ್ಚೆ ಕೆಳಗಿಳಿದ ಮೇಲೆ. ಕ್ಯಾಪ್ಟನ್‌ಗಳೇ, ಈ ಮಾತನ್ನು ನೀವೇ ಮೊದಲು ಎತ್ತಬೇಕು. ಕಿರಿಯರು ಎತ್ತಲಿ ಎಂದು ಕಾಯಬೇಡಿ.

ಕಿರಿಯರೇ, ಎಷ್ಟೇ ದೊಡ್ಡವರು ಪಕ್ಕದಲ್ಲಿದ್ದರೂ "ಸರ್, ಸ್ವಲ್ಪ ಎತ್ತರ ಜಾಸ್ತಿ ಆಯ್ತೇನೋ" ಎಂದು ನಯವಾಗಿ ಹೇಳಿ ಸುಮ್ಮನಾಗಬೇಡಿ. ಮೊದಲ ಸಲ "ಕ್ಯಾಪ್ಟನ್, ಗೋ ಅರೌಂಡ್" ಎಂದು ಗಟ್ಟಿಯಾಗಿ ಹೇಳಿ. ಎರಡನೇ ಸಲವೂ ಉತ್ತರ ಬಾರದಿದ್ದರೆ ನಿಮ್ಮ ಕಂಪನಿಯ ಕ್ರಮದಂತೆ "ಐ ಹ್ಯಾವ್ ಕಂಟ್ರೋಲ್" ಎಂದು ಹೇಳಿ ವಿಮಾನವನ್ನು ಕೈಗೆ ತೆಗೆದುಕೊಳ್ಳಿ. ಬಜಪೆಯಲ್ಲಿ ಮೂರು ಸಲ ಹೇಳಿದ ಆ ಫಸ್ಟ್ ಆಫೀಸರ್ ಸರಿಯಾದದ್ದನ್ನೇ ಹೇಳಿದ್ದರು. ಕೈಹಾಕಲು ಬೇಕಾದ ಧೈರ್ಯವನ್ನು ಅವರಿಗೆ ತರಬೇತಿ ಕೊಡಬೇಕಿತ್ತು. ಸಿಮ್ಯುಲೇಟರ್‌ನಲ್ಲಿ ಈ ಅಭ್ಯಾಸವನ್ನು ಬೆಳಗಿನ ಜಾವ ನಾಲ್ಕಕ್ಕೆ ಮಾಡಿಸಿ, ಊಟವಾದ ಮೇಲಿನ ಮಧ್ಯಾಹ್ನದಲ್ಲಲ್ಲ.

ರೋಸ್ಟರ್ ಹಾಕುವವರೇ, ಕಂಪನಿ ನಡೆಸುವವರೇ

ನಿಯಮದ ಗರಿಷ್ಠ ಮಿತಿಯನ್ನು ಗುರಿಯೆಂದು ಎಣಿಸಬೇಡಿ. ಮಿತಿಯೊಳಗೇ ಇದ್ದೂ ಪೈಲಟ್ ದಣಿದಿರಬಹುದು. ಇಂದು ಬೆಳಗಿನ ಡ್ಯೂಟಿ, ನಾಳೆ ರಾತ್ರಿಯದು, ಮರುದಿನ ಮತ್ತೆ ಬೆಳಗ್ಗೆ ಎಂದು ಗಡಿಯಾರವನ್ನು ಹಿಂದೆ ಮುಂದೆ ಎಳೆಯುವ ರೋಸ್ಟರ್ ಕಾನೂನಿಗೆ ಸರಿಯಿದ್ದರೂ ದೇಹಕ್ಕೆ ಸರಿಯಲ್ಲ. ಕೊನೆ ಗಳಿಗೆಯಲ್ಲಿ ಡ್ಯೂಟಿ ಬದಲಿಸಬೇಡಿ. ವಿಶ್ರಾಂತಿಯಲ್ಲಿರುವವರಿಗೆ ಫೋನ್ ಮಾಡಿ "ಎದ್ದಿದ್ದೀರಾ" ಎಂದು ಕೇಳಬೇಡಿ.

ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ 2024ರ ಜನವರಿಯಲ್ಲಿ ಪೈಲಟ್‌ಗಳ ಡ್ಯೂಟಿ, ವಿಶ್ರಾಂತಿಗೆ ಹೊಸ ನಿಯಮ ತಂದಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ರಾತ್ರಿಯೆಂದರೆ 12ರಿಂದ 5ರವರೆಗೆ ಎಂದಿದ್ದದ್ದು 6ರವರೆಗೆ ಎಂದಾಯಿತು. ರಾತ್ರಿಯ ಲ್ಯಾಂಡಿಂಗ್‌ಗಳ ಮಿತಿ 6ರಿಂದ 2ಕ್ಕೆ ಇಳಿಯಿತು. ಬಜಪೆಯ ವಿಮಾನ ಕೆಳಗಿಳಿಯತೊಡಗಿದ್ದು ಹೊಸದಾಗಿ ಸೇರಿಸಿದ ಆ ಒಂದು ಗಂಟೆಯಲ್ಲೇ ಎಂಬುದನ್ನು ಮರೆಯಕೂಡದು. ವಿಮಾನ ಕಂಪನಿಗಳು ತಕರಾರು ಎತ್ತಿದವು, ಜಾರಿ ಮುಂದಕ್ಕೆ ಹೋಯಿತು, ವಿಷಯ ದೆಹಲಿ ಹೈಕೋರ್ಟಿನಲ್ಲಿತ್ತು. ಕೊನೆಗೆ 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಹಂತಗಳಲ್ಲಿ ಜಾರಿಗೆ ಬಂತು. ಆ ನಿಯಮಕ್ಕೆ ಸಾಲುವಷ್ಟು ಪೈಲಟ್‌ಗಳಿಲ್ಲದೆ ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೊ ಕಂಪನಿಯ ಸಾವಿರಾರು ವಿಮಾನಗಳು ರದ್ದಾದವು, ಬೆಂಗಳೂರಿನ ನಿಲ್ದಾಣದಲ್ಲಿ ಜನ ಚೀಲಗಳ ರಾಶಿಯ ನಡುವೆ ರಾತ್ರಿ ಕಳೆದರು. ಆ ಕಂಪನಿಗೆ ರಾತ್ರಿ ಡ್ಯೂಟಿಯ ಕೆಲವು ನಿಯಮಗಳಿಂದ ತಾತ್ಕಾಲಿಕ ವಿನಾಯಿತಿ ಸಿಕ್ಕಿತು.

ಆ ವಾರ ಹಲವರು ನಿಯಮವನ್ನೇ ಬೈದರು. ಅದು ತಪ್ಪು. ಎರಡು ವರ್ಷ ಮುಂಚೆ ಗೊತ್ತಿದ್ದ ನಿಯಮಕ್ಕೆ ಬೇಕಾದಷ್ಟು ಪೈಲಟ್‌ಗಳನ್ನು ಸೇರಿಸಿಕೊಳ್ಳದೇ ಇದ್ದದ್ದು ತಪ್ಪು. ಪೈಲಟ್ ಕಡಿಮೆ ಇದ್ದರೆ ವಿಮಾನ ಕಡಿಮೆ ಹಾರಿಸಿ, ನಿದ್ದೆಯನ್ನು ಕಡಿಮೆ ಮಾಡಬೇಡಿ. ಫಟೀಗ್ ಎಂದು ಹೇಳಿದವರನ್ನು ಕರೆದು ವಿಚಾರಣೆಯ ದನಿಯಲ್ಲಿ ಮಾತಾಡಬೇಡಿ, ಬಡ್ತಿ ತಡೆಯಬೇಡಿ, ಒಳ್ಳೆಯ ರೂಟ್ ತಪ್ಪಿಸಬೇಡಿ. ಒಂದೇ ಪಾಳಿಯ ಮೇಲೆ ಮತ್ತೆ ಮತ್ತೆ ವರದಿ ಬಂದರೆ ಆ ಪಾಳಿಯನ್ನು ತೆಗೆದುಹಾಕಿ. ಒಂದು ವರದಿಯೂ ಬಾರದಿದ್ದರೆ ಸಂತೋಷಪಡಬೇಡಿ, ನಿಮ್ಮಲ್ಲಿ ಹೆದರಿಕೆ ಇದೆ ಎಂದು ಅರ್ಥ.

ಮನೆಯವರೇ

ಹಗಲು ಮಲಗಿರುವವರು ಕೆಲಸದಲ್ಲೇ ಇದ್ದಾರೆ ಎಂದು ತಿಳಿಯಿರಿ. ಕರೆಗಂಟೆ ನಿಲ್ಲಿಸಿ, ಕೊರಿಯರ್‌ನವರಿಗೆ, ಕೆಲಸದವರಿಗೆ ಸಮಯ ಹೇಳಿಡಿ. ಗೃಹಪ್ರವೇಶಕ್ಕೆ, ನಾಮಕರಣಕ್ಕೆ ಬರಲಿಲ್ಲವೆಂದು ಅತ್ತೆ ಮಾವ ಬೇಸರ ಮಾಡಿಕೊಂಡರೆ ಅವರಿಗೆ ನೀವು ವಿವರಿಸಿ, ಪೈಲಟ್ ಎದ್ದು ವಿವರಿಸಬೇಕಾಗಬಾರದು. ಹಸುಗೂಸಿರುವ ಮನೆಯಲ್ಲಿ ಡ್ಯೂಟಿಯ ಹಿಂದಿನ ರಾತ್ರಿ ಬೇರೆ ಕೋಣೆ ಕೊಡಿ, ಅಜ್ಜಿಯನ್ನೋ ಚಿಕ್ಕಮ್ಮನನ್ನೋ ನೆರವಿಗೆ ಕರೆಸಿ. 2024ರ ಜನವರಿ 25ರಂದು ಇಂಡೊನೇಷ್ಯಾದ ಬಾಟಿಕ್ ಏರ್ ವಿಮಾನದಲ್ಲಿ 153 ಪ್ರಯಾಣಿಕರಿರುವಾಗ ಪೈಲಟ್‌ಗಳಿಬ್ಬರೂ 28 ನಿಮಿಷ ಮಲಗಿಬಿಟ್ಟರು, ವಿಮಾನ ದಾರಿ ತಪ್ಪಿತು. ಸಹ ಪೈಲಟ್ ಮನೆಯಲ್ಲಿ ಒಂದು ತಿಂಗಳ ಅವಳಿ ಮಕ್ಕಳಿದ್ದರು. ಯಾರಿಗೂ ಏನೂ ಆಗಲಿಲ್ಲ. ಆ ತಂದೆಯನ್ನು ದೂರುವ ಮನಸ್ಸು ನನಗಿಲ್ಲ, ಅವರು ಆ ವಾರ ಹಾರಬಾರದಿತ್ತು ಎನ್ನುವುದರಲ್ಲಿ ಸಂಶಯವೂ ಇಲ್ಲ.

ಪ್ರಯಾಣಿಕರೇ

ಮಲಗುವಾಗಲೂ ಬೆಲ್ಟ್ ಹಾಕಿಕೊಂಡಿರಿ. ಗೋ ಅರೌಂಡ್ ಮಾಡಿದ ಪೈಲಟ್‌ಗೆ ಇಳಿಯುವಾಗ ಧನ್ಯವಾದ ಹೇಳಿ, ವೀಡಿಯೊ ಹಾಕಿ ಹೆದರಿಸಬೇಡಿ. ಸಿಬ್ಬಂದಿಯ ಡ್ಯೂಟಿ ಮಿತಿ ಮುಗಿದು ವಿಮಾನ ನಿಂತರೆ ಕೌಂಟರ್‌ನಲ್ಲಿರುವ ಹುಡುಗಿಯ ಮೇಲೆ ಕೂಗಾಡಬೇಡಿ. ವಿಮಾನ ರದ್ದಾದರೆ ಹಣ ವಾಪಸು ಕೇಳಿ, ಇಲ್ಲವೇ ಬೇರೆ ವಿಮಾನ ಕೇಳಿ, ಅದು ನಿಮ್ಮ ಹಕ್ಕು. ತಡವಾದರೆ ಊಟ ಕೇಳಿ. ಮಿತಿ ಮುಗಿದ ಪೈಲಟ್‌ರಿಂದಲೇ "ಇನ್ನೊಂದು ಟ್ರಿಪ್ ಹೇಗಾದರೂ ಮಾಡಿಸಿ" ಎಂದು ಮಾತ್ರ ಕೇಳಬೇಡಿ.